ಆಪಾ ಅಳಿಸಿದ್ದು

ಓದುವಾಗ ಆಪಾ ಅವರ ತುಟಿಗಳು ಅಲುಗುತ್ತಿದ್ದವು. ಒಂದು ಕೆನ್ನೆಯಲ್ಲಿ ಲವಂಗ, ತಲೆಯ ಮೇಲೆ ಇಳಕಲ್ ಸೀರೆಯ ಕೆಂಪು ಸೆರಗು, ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಮುಖ. ಹುಬ್ಬು ಗಂಟಿಕ್ಕಿತೆಂದರೆ ಆ ಬರಹ ಹೋಯಿತೆಂದೇ ಅರ್ಥ.

ಎರಡು ಸಾವಿರದ ಐದಾರರ ಮಾತು. ಬಾಗಲಕೋಟೆಯ ನವನಗರದಲ್ಲಿ, ಔಷಧಿ ಅಂಗಡಿಯೊಂದರ ಮೇಲೆ ನಮ್ಮ ಕಂಪನಿ. ಜಿಲ್ಲೆಯ ಸುದ್ದಿಗಳ ಕನ್ನಡ ವೆಬ್‌ಸೈಟ್ ನಡೆಸುತ್ತಿದ್ದೆವು. ನಾನು ಹುನಗುಂದದಿಂದ ದಿನಾ ಬಸ್ಸಿಗೆ ಬಂದು ಸುದ್ದಿ ಟೈಪ್ ಮಾಡುತ್ತಿದ್ದೆ. ಇಳಕಲ್ಲಿನವರಾದ ಆಪಾ, ಓದುಗರು ತಮಗನಿಸಿದ್ದನ್ನು ಬರೆಯುವ 'ಮಾತಿನ ಕಟ್ಟಿ' ಎಂಬ ಪುಟ ನೋಡಿಕೊಳ್ಳುತ್ತಿದ್ದರು. ಆ ಪುಟದ ಯೋಚನೆಯೂ ಅವರದೇ. ಆಪಾ ಎಂದರೆ ಅಕ್ಕ. ಮಾಲೀಕರೂ ಅವರನ್ನು ಹಾಗೇ ಕರೆಯುತ್ತಿದ್ದರು.

ಒಮ್ಮೆ ಯಾವನೋ ಕಾಲೇಜು ಹುಡುಗಿಯೊಬ್ಬಳ ಫೋನ್ ನಂಬರನ್ನು ಹೊಲಸು ಮಾತಿನ ಜತೆ ಹಾಕಿದ. ಆಪಾ ತಕ್ಷಣ ಅಳಿಸಿದರು. ನಮ್ಮ ಬಾಯಿ ಮುಚ್ಚಿಸಲು ನೀವ್ಯಾರು ಎಂದು ಕಟ್ಟಿಯ ತುಂಬ ಗದ್ದಲ. ವಾಕ್‌ಸ್ವಾತಂತ್ರ್ಯದ ದೊಡ್ಡ ದೊಡ್ಡ ಮಾತುಗಳು ಬಂದವು. ಕೊನೆಗೊಬ್ಬ ಆಪಾ ಅವರ ಧರ್ಮ ಎತ್ತಿ, ನಿನ್ನ ದೇಶಕ್ಕೆ ಹೋಗು ಎಂದು ಬರೆದ. ಆಪಾ ಅದನ್ನು ಅಳಿಸಲಿಲ್ಲ.

"ಇದನ್ಯಾಕ ಬಿಟ್ರಿ, ಆಪಾ?"

"ಆ ಹುಡುಗಿಗೆ ಹಗಲೆಲ್ಲಾ ಫೋನ್ ಬಂದ್ರ ಆಕಿ ಕಾಲೇಜ್ ಬಿಡ್ತಾಳ. ನನಗ ಬೈದ್ರ ನನಗೇನಾಗ್ತೈತಿ? ಇರ್ಲಿ, ಮಂದಿ ಓದ್ಲಿ."

ಅದರ ಕೆಳಗೆ ಅವರು ಬರೆದದ್ದು ಒಂದೇ ಸಾಲು: 'ನಮ್ಮ ಮನಿ ಇಳಕಲ್ ಬಸ್‌ಸ್ಟ್ಯಾಂಡ್ ಹಿಂದ ಐತಿ, ಚಾಕ್ಕ ಬರ್ರಿ.'

ಆ ಬೇಸಿಗೆಯಲ್ಲಿ 'ಹಳ್ಳದ ದಂಡಿಯವ' ಎಂಬ ಹೆಸರಿನಲ್ಲಿ ಒಂದು ಬರಹ ಬಂತು. ಇಳಕಲ್ ಹತ್ತಿರದ ಗ್ರಾನೈಟ್ ಪಾಲಿಶ್ ಕಾರ್ಖಾನೆಯೊಂದು ಕಲ್ಲು ಕೊಯ್ದ ರಾಡಿಯನ್ನು ಕದ್ದು ಹಳ್ಳಕ್ಕೆ ಬಿಡುತ್ತಿದೆ, ಆ ನೀರು ಕುಡಿದು ದನ ಸಾಯುತ್ತಿವೆ ಎಂದು. ಒಳಗೆ ದುಡಿಯುವವನಿಗಷ್ಟೇ ಗೊತ್ತಿರುವ ವಿವರಗಳಿದ್ದವು. ಆಪಾ ಊರಿಗೆ ಹೋದಾಗ ತಾವೇ ಹಳ್ಳ ನೋಡಿ ಬಂದರು. ಬರಹವನ್ನು ಮುಟ್ಟಲಿಲ್ಲ.

ಆ ಕಾರ್ಖಾನೆಯವರ ಜಾಹೀರಾತು ನಮ್ಮಲ್ಲಿ ದಿನಾ ಬರುತ್ತಿತ್ತು. ಮಾಲೀಕರು ಆಪಾ ಅವರ ಮೇಜಿನ ಮುಂದೆ ಬಂದು ನಿಂತರು.

"ಆಪಾ, ಅದನ್ನ ತಗೀರಿ."

"ಸುಳ್ಳಿದ್ರ ಅವ್ರೂ ಬರೀಲಿ, ಬಾಜೂಕ ಹಾಕ್ತೇನಿ. ತಗಿಯೂದ್ಯಾಕ್ರಿ?"

"ಆ ಹುಡುಗಿ ನಂಬರ್ ತಗಿಯುವಾಗ ಯಾರನ್ನೂ ಕೇಳಲಿಲ್ಲಲ್ರಿ ನೀವು?"

"ಅದು ಒಬ್ಬಾಕಿ ಮ್ಯಾಲೆ ಮಂದೀನ್ನ ಛೂ ಬಿಟ್ಟಂಗಿತ್ತು. ಇದು ಊರ ನೀರಿನ ಮಾತು."

ಮಾಲೀಕರು ಕೆಟ್ಟವರಲ್ಲ. ನಮ್ಮೆಲ್ಲರ ಪಗಾರದ ಚಿಂತೆ ಅವರ ಮುಖದಲ್ಲಿ ಕಾಣುತ್ತಿತ್ತು. ದನಿ ತಗ್ಗಿಸಿದರು.

"ಬರಹ ಬೇಕಾದ್ರ ಇರ್ಲಿ. ಬರದಾವನ ಖರೇ ಹೆಸರು, ಇ-ಮೇಲ್ ಕೊಡ್ರಿ. ಅವ್ರು ಅಷ್ಟ ಕೇಳಾಕತ್ತಾರ."

ಕೊಟ್ಟರೆ ಆ ಮನುಷ್ಯನ ಗತಿ ಏನಾಗುವುದೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬರೆದವರ ಗುರುತು ನೋಡುವ ಪಾಸ್‌ವರ್ಡ್ ಇದ್ದದ್ದು ಆಪಾ ಒಬ್ಬರ ಬಳಿ. ಅವರು ಪರದೆಯತ್ತ ಬಾಗಿ ಮೌಸ್ ಒತ್ತಿದರು.

"ಅವನ ಹೆಸರು ಅಳಿಸೀನ್ರಿ. ಈಗ ಅದು ನನ್ನ ಕಡೇನೂ ಇಲ್ಲ."

ಆಪಾ ಎದ್ದು ಚೀಲ ಹೆಗಲಿಗೇರಿಸಿದರು. "ಕಂಪನಿ ನಿಮ್ದು. ಏನ್ ಮಾಡ್ತೀರಿ ನೀವ ಮಾಡ್ರಿ. ನಾ ಇನ್ನ ಬರಂಗಿಲ್ಲ."

ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು.

ಮರುದಿನ ಬಂದು ನೋಡಿದರೆ ಮಾತಿನ ಕಟ್ಟಿಯೇ ಇರಲಿಲ್ಲ. ಮಾಲೀಕರು ಇಡೀ ಪುಟವನ್ನು ತೆಗೆಸಿಹಾಕಿದ್ದರು. ಜನರ ವರ್ಷಗಟ್ಟಲೆಯ ಜಗಳ, ನಗೆ, ಬೈಗುಳ ಎಲ್ಲ ಹೋಗಿ ಬರಿ ಬಿಳಿ ಪರದೆ. ಹಳೇ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ದಿನ ನನ್ನ ಸೋದರತ್ತೆ ಹೇಗೆ ಕುಳಿತಿದ್ದಳೋ ಹಾಗೆ ಕುಳಿತುಬಿಟ್ಟೆ.

ಆಪಾ ಇಳಕಲ್ಲಿನಲ್ಲಿ ಅಣ್ಣನ ಸೀರೆ ಅಂಗಡಿಯಲ್ಲಿ ಕೂಡತೊಡಗಿದರು. ಒಮ್ಮೆ ಹೋದಾಗ ಕೇಳಿದೆ, "ಯಾವನೋ ಒಬ್ಬನ ಸಲುವಾಗಿ ನೌಕರಿ ಬಿಟ್ರಲ್ರಿ, ಆಪಾ?"

"ನಮ್ಮನ್ನ ನಂಬಿ ಬರದಿದ್ದ, ತಂಗಿ," ಎಂದರು ಸೀರೆ ಮಡಿಚುತ್ತ. "ಊಟಾ ಆತಿಲ್ಲೋ ನಿಂದು?"

ಕೆಲವು ವರ್ಷಗಳ ಮೇಲೆ ಒಂದು ಬೆಳಗ್ಗೆ ಫೋನ್ ಬಂತು. ಚಹಾ ಕುಡಿಯುತ್ತ ಕುಳಿತಲ್ಲೇ ಆಪಾ ಅವರಿಗೆ ಎದೆನೋವು, ದವಾಖಾನೆ ಮುಟ್ಟುವ ಮುಂಚೆಯೇ ಎಲ್ಲ ಮುಗಿದಿತ್ತು. ಓಡಿ ಹೋದೆ. ಮುಖ ನೋಡಿ ಹೊರಗೆ ಬಂದರೆ ಓಣಿಯ ಗೋಡೆಗೊರಗಿ ನನ್ನ ತಮ್ಮ ಅಳುತ್ತಿದ್ದ. ಇಳಕಲ್ಲಿನಲ್ಲೇ ರೂಮು ಮಾಡಿಕೊಂಡು ಕಲ್ಲು ಪಾಲಿಶ್ ಕೆಲಸ ಮಾಡುವವನು. ಊಟಕ್ಕೆ ಕುಳಿತರೆ ಎರಡನೆಯ ರೊಟ್ಟಿ ಕೇಳಲೂ ನಾಚುವವನು.

"ನಿನಗ ಆಪಾ ಹ್ಯಾಂಗ ಗುರ್ತು?"

ಅವನು ನನ್ನ ಮುಖ ನೋಡಲಿಲ್ಲ. "ಹಳ್ಳದ ದಂಡಿಯವ ನಾನ, ಅಕ್ಕಾ."

ನಾನು ಅವನ ಕೈ ಹಿಡಿದೆ.

"ಹೆಸರು, ಊರು ನೋಡಿ ನಿನ್ನ ತಮ್ಮ ಅಂತ ಗುರ್ತು ಹಿಡಿದಿದ್ರಂತ. ನೌಕರಿ ಬಿಟ್ಟ ದಿನ ಸಂಜಿಗೆ ನಮ್ಮ ರೂಮಿಗೆ ಬಂದಿದ್ರು. ನಿನ್ನ ಹೆಸರು ಎಲ್ಲೂ ಹೋಗಿಲ್ಲ, ಹೆದರಬ್ಯಾಡ ಅಂದ್ರು. ನಿಮ್ಮಕ್ಕಗ ಮಾತ್ರ ಹೇಳಬ್ಯಾಡ, ಗೊತ್ತಾದ್ರ ಆಕಿನೂ ಬಿಟ್ಟು ಬರ್ತಾಳ, ಮನಿ ಹ್ಯಾಂಗ ನಡೀತೈತಿ ಅಂದ್ರು."

ಶವ ಹೊರುವ ಜನಾಜಾ ಎತ್ತಲು ಇನ್ನೂ ಹೊತ್ತಿತ್ತು. ತಮ್ಮನ ಕೈ ಬಿಟ್ಟು ಮತ್ತೆ ಒಳಗೆ ಹೋದೆ. ಸುತ್ತ ಕುಳಿತಿದ್ದ ಹೆಂಗಸರು, ಈಗಷ್ಟೇ ಹೋದವಳು ಮತ್ತೇಕೆ ಬಂದಳೆಂಬಂತೆ ನೋಡಿ, ಏನೂ ಕೇಳದೆ ಸರಿದು ಜಾಗ ಕೊಟ್ಟರು.