ಮೂರನೆಯ ಏರಿನಲ್ಲಿ ಇಳಿದದ್ದು

ಮೊನ್ನೆ ನಾಗಾವಿಯ ಕಡೆ ಬೆಳಗಿನ ತಿರುಗಾಟಕ್ಕೆ ಹೋಗಿದ್ದೆ. ಏರಿನಲ್ಲಿ ಒಬ್ಬ ಯುವಕ ಗೇರಿನ ಸೈಕಲ್ಲನ್ನು ಆರಾಮಕುರ್ಚಿಯಲ್ಲಿ ಕುಳಿತವನಂತೆ ತುಳಿಯುತ್ತ ನನ್ನನ್ನು ದಾಟಿ ಹೋದ. ಹೊಟ್ಟೆಕಿಚ್ಚಾಯಿತು. ಅರವತ್ತೈದು ದಾಟಿದವನಿಗೆ ಹೊಟ್ಟೆಕಿಚ್ಚುಪಡಲು ಸೈಕಲ್ಲೇ ಬೇಕಿತ್ತೇ ಎಂದು ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ನಮ್ಮ ಕಾಲದ ಸೈಕಲ್ಲಿಗೆ ಇದ್ದದ್ದು ಒಂದೇ ಗೇರು. ಏರು ಬಂದರೆ ಇಳಿದು ನೂಕುವುದೇ ಎರಡನೆಯದು.

ಎಪ್ಪತ್ತರ ದಶಕದ ಕೊನೆಯ ಮಾತು. ಮುಂಡರಗಿಯಲ್ಲಿ ಖಾದರಸಾಬರ ಸೈಕಲ್ ಅಂಗಡಿಯಿತ್ತು. ಅವರಿಗೆ ಮೂವತ್ತು, ನನಗೆ ಹತ್ತೊಂಬತ್ತು. ಕಾಲೇಜಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ನಾನು ಅಲ್ಲೇ ಕೂತಿರುತ್ತಿದ್ದೆ. ಹಳ್ಳಿಗಳಿಂದ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರು ಗುಡ್ಡದ ಏರುಗಳಲ್ಲಿ ಸೈಕಲ್ ನೂಕಿ ನೂಕಿ ಹೈರಾಣಾಗುತ್ತಿದ್ದರು. ಅದನ್ನು ನೋಡಿ ಖಾದರಸಾಬರು ಹುಬ್ಬಳ್ಳಿಯ ಗುಜರಿಯಿಂದ ಹೆಚ್ಚು ಹಲ್ಲಿನ ಒಂದು ಚಕ್ರ ತಂದು, ಉಜ್ಜಿ, ಕಾನಸಿನಿಂದ ಹಲ್ಲು ತೀಡಿ, ಒಂದು ಸೈಕಲ್ಲಿನ ಹಿಂದಿನ ಗಾಲಿಗೆ ಕೂಡಿಸಿದರು. ಏರಿಗೆ ಅದು ಹಗುರ. ಆದರೆ ಸಪಾಟು ರಸ್ತೆಯಲ್ಲಿ ಎಷ್ಟು ತುಳಿದರೂ ಮುಂದಕ್ಕೆ ಹೋಗದು. ಹಾಲಿನವರು ನಕ್ಕರು.

"ಖಾದರಸಾಬ್ರ, ಇದು ಸೈಕಲ್ ಅಲ್ರಿ, ಹೊಲಿಗಿ ಮಶೀನ್!"

ಅವರೂ ನಕ್ಕರು. ಆದರೆ ಆ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಲಿಲ್ಲ.

ಆ ವರ್ಷ ಊರಿನ ಹುಡುಗರು ಕಪ್ಪತಗುಡ್ಡದ ಸೆರಗಿನಲ್ಲಿ ಸೈಕಲ್ ರೇಸು ಇಟ್ಟರು. ನಾಲ್ಕು ಏರು, ಕೆಂಪು ಗರಸಿನ ದಾರಿ. ಏರಿನಲ್ಲಿ ಕಾಲು ನೆಲಕ್ಕೆ ತಾಗಿದರೆ ಅಲ್ಲಿಗೆ ಆಟ ಮುಗಿಯಿತು. ಖಾದರಸಾಬರು ತಮ್ಮ ಸೈಕಲ್ಲನ್ನು ನನ್ನ ಕೈಗೆ ಕೊಟ್ಟರು.

"ಗೆಲ್ಲೋದು ಬಿಡಲೇ. ನಾಕೂ ಏರು ಇಳೀದಂಗ ಹತ್ತು, ಸಾಕು. ಹಾಲಿನವ್ರು ನೋಡಾಕ ಬರ್ತಾರ. ಅವ್ರಿಗೆ ಖಾತ್ರಿ ಆಗಬೇಕು."

ಮೊದಲೆರಡು ಏರುಗಳಲ್ಲಿ ಗಟ್ಟಿ ತೊಡೆಯವರು ಅನೇಕರು ಇಳಿದು ನಿಂತರು. ನಾನು ನನ್ನ ಹೊಲಿಗೆ ಮಶೀನು ತುಳಿಯುತ್ತ ಅವರನ್ನು ದಾಟಿದೆ. ಮನಸ್ಸಿನಲ್ಲೇ ಹಾರ ಹಾಕಿಸಿಕೊಂಡೂ ಆಯಿತು. ಅದೇ ಅಮಲಿನಲ್ಲಿ ಮೂರನೆಯದನ್ನು ಜೋರಾಗಿ ಹತ್ತಲು ಹೋದೆ. ಅರ್ಧಕ್ಕೆ ಬರುವಷ್ಟರಲ್ಲಿ ಎದೆ ಒಡೆಯುವಂತಾಯಿತು. ಸೈಕಲ್ ಇನ್ನೂ ಏರುತ್ತಲೇ ಇತ್ತು. ಕಾಲು ನೆಲಕ್ಕೆ ಊರಿದವನು ನಾನು. ಮರುಕ್ಷಣವೇ ತಿರುವಿನಾಚೆಯಿಂದ ನನಗೆ ಶಾಲೆಯಲ್ಲಿ ಕಲಿಸಿದ ಮಾಸ್ತರರು ಕೊಡೆ ಹಿಡಿದು ಬಂದರು. ಗುರುಗಳು ಎದುರಾದರೆ ಸೈಕಲ್ ಇಳಿದು ನಿಲ್ಲುವುದು ಆಗಿನ ರೀತಿ. ನನ್ನ ಕೈಗಳು ತಾವಾಗಿಯೇ ಕೂಡಿಕೊಂಡವು.

"ರೇಸಿನ್ಯಾಗ ಯಾರರ ಇಳೀತಾರೇನಲೇ, ಹುಚ್ಚಾ!" ಎಂದ ಮಾಸ್ತರರ ಕಣ್ಣು ತುಂಬಿ ಬಂದಿತ್ತು.

ಜನರೆಲ್ಲ ಕೊನೆಯ ಏರಿನ ಬಳಿ ಇದ್ದರು. ಇಲ್ಲಿ ಪಂಪು ಹಿಡಿದು ನಿಂತಿದ್ದವರು ಖಾದರಸಾಬರು ಒಬ್ಬರೇ. ಅವರು ಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡರು.

ಸಂಜೆಯೊಳಗೆ ಮಾಸ್ತರರು ಊರಿಗೆಲ್ಲ ಹೇಳಿದರು. ಗೆದ್ದವನ ಹೆಸರು ಯಾರಿಗೂ ನೆನಪುಳಿಯಲಿಲ್ಲ. ಗುರುಗಳಿಗಾಗಿ ರೇಸು ಬಿಟ್ಟವನೆಂದು ನಾನು ಹೆಸರಾದೆ. ಮುಂದೆ ಬೆಳ್ಳಟ್ಟಿಗೆ ಹೆಣ್ಣು ನೋಡಲು ಹೋದಾಗ, ನೌಕರಿಯಿಲ್ಲದ ನನ್ನನ್ನು ಮಾವನವರು ಒಪ್ಪಿದ್ದು ಈ ಕಥೆ ಕೇಳಿಯೇ. ಸಂಸಾರ ಇಂದಿಗೂ ಚೆನ್ನಾಗಿದೆ, ಅದು ಬೇರೆ ಮಾತು.

ಹಾಲಿನವರು ಮಾತ್ರ ಅಂಗಡಿಯ ಮುಂದೆ ನಿಂತು, "ಮಾಸ್ತರು ಬಂದದ್ದು ಚಲೋ ಆತು ಬಿಡ್ರಿ, ಹೆಂಗೂ ಅದು ಹತ್ತತಿರಲಿಲ್ಲ" ಎಂದರು. ನಾನು ಅಲ್ಲೇ ಕೂತಿದ್ದೆ. ಹತ್ತುತ್ತಿತ್ತು ಎನ್ನಬಹುದಿತ್ತು. ಎಂದರೆ, ಮತ್ತೇಕೆ ಇಳಿದೆ ಎಂಬುದೂ ಹೊರಬೀಳುತ್ತಿತ್ತು. ಬಾಯಿ ಬಿಡಲಿಲ್ಲ. ತಿಂಗಳಾದ ಮೇಲೆ ಖಾದರಸಾಬರು ಆ ಚಕ್ರ ಬಿಚ್ಚಿ ಹಳೆಯದನ್ನೇ ಹಾಕಿದರು.

ನಾಗಾವಿಯಿಂದ ಬಂದವನಿಗೆ ಅಂದು ಉಪ್ಪಿಟ್ಟು ರುಚಿಸಲಿಲ್ಲ. ಬಸ್ಸು ಹತ್ತಿ ಮುಂಡರಗಿಗೆ ಹೋದೆ. ಅಂಗಡಿಯನ್ನು ಈಗ ಅವರ ಮಗಳು ನೋಡಿಕೊಳ್ಳುತ್ತಾಳೆ. ಖಾದರಸಾಬರು ಹೊರಗೆ ಬೆಂಚಿನ ಮೇಲಿದ್ದರು.

"ಅವತ್ತು ನಾ ಮಾಸ್ತರ ಸಲುವಾಗಿ ಇಳೀಲಿಲ್ರಿ," ಎಂದೆ. "ನನಗ ದಮ್ಮು ಹತ್ತಿತ್ತು. ಸೈಕಲ್ ಏರಾಕತ್ತಿತ್ರಿ."

"ಗೊತ್ತೈತಿ. ನೀ ಮೊದ್ಲ ಇಳದಿ, ಮಾಸ್ತರು ಆಮ್ಯಾಲ ಬಂದ್ರು. ನಾ ಅಲ್ಲೇ ಇದ್ನೆಲ್ಲ."

"ಮತ್ತ ಯಾಕ ಹೇಳಲಿಲ್ರಿ?"

ಅವರು ನನ್ನನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ.

"ಹಾಲಿನವ್ರ ಮುಂದ ನೀನ ಹೇಳ್ತಿ ಅಂತ ಕಾದೆ. ಒಂದ ತಿಂಗಳ ಕಾದೆ. ಆಮ್ಯಾಲ ಚಕ್ರ ಬಿಚ್ಚಿದೆ."

ಮಗಳನ್ನು ಕರೆದು ನನಗೆ ಚಹಾ ತರಿಸಿದರು. ತಲೆ ತಗ್ಗಿಸಿಕೊಂಡೇ ಪೂರ್ತಿ ಕುಡಿದೆ.