ಆಮೆಯ ಬೆಳಗಿನ ಪ್ರತಿ

ಆಫೀಸಿನಲ್ಲಿ ಅವಳಿಗೆ ಗಾಬರಿ ಎಂದೇ ಹೆಸರು. ಇಟ್ಟವಳು ದೊಡ್ಡಕ್ಕ. ತಂಡದಲ್ಲಿ ಹಿರಿಯಳಾದ್ದರಿಂದ ಎಲ್ಲರಿಗೂ ಅಡ್ಡಹೆಸರಿಡುವ ಹಕ್ಕು ತನ್ನದೇ ಎಂದು ದೊಡ್ಡಕ್ಕ ತಿಳಿದಿದ್ದಳು. ಇಟ್ಟ ಹೆಸರು ಸುಳ್ಳಾಗಿರಲಿಲ್ಲ. ಗಾಬರಿ ಬೀಗ ಹಾಕಿದ ಮೇಲೆ ಜಗ್ಗಿ ನೋಡುತ್ತಾಳೆ. ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗುತ್ತಾಳೆ. ಮಗುವಾದ ಮೇಲಂತೂ ಕೇಳುವುದೇ ಬೇಡ. ಅತ್ತರೆ ಯಾಕೆ ಅತ್ತಿತು, ಸುಮ್ಮನಿದ್ದರೆ ಯಾಕೆ ಸುಮ್ಮನಿದೆ! ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ಅವರು ಮಕ್ಕಳ ಆಸ್ಪತ್ರೆಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ನರ್ಸ್ ಮಗುವಿನ ತೂಕ ಒತ್ತಿದರೆ ಔಷಧ ಎಷ್ಟು ಕೊಡಬೇಕೆಂದು ಅದು ಹೇಳಬೇಕು. ಕೋಡ್ ಒಂದೇ, ಕೈ ಹಲವು. ಒಬ್ಬೊಬ್ಬರ ಲ್ಯಾಪ್‌ಟಾಪಿನಲ್ಲೂ ಅದರ ಪೂರ್ತಿ ಪ್ರತಿ, ಮೊದಲ ದಿನದಿಂದ ಆದ ಬದಲಾವಣೆಗಳ ಸಮೇತ. ತಮ್ಮ ಕೆಲಸವನ್ನು ಸರ್ವರಿಗೆ ತಳ್ಳುವುದು, ಬೇರೆಯವರದನ್ನು ಅಲ್ಲಿಂದ ಎಳೆದುಕೊಳ್ಳುವುದು. ಎಳೆಯದೆ ತಳ್ಳಹೋದರೆ ಸರ್ವರ್ ಒಪ್ಪುವುದಿಲ್ಲ: ನಿನ್ನಲ್ಲಿ ಇಲ್ಲದ್ದು ಇಲ್ಲಿದೆ, ಮೊದಲು ಅದನ್ನು ತಗೋ ಎನ್ನುತ್ತದೆ. ಗಾಬರಿ ದಿನವಿಡೀ ಎಳೆಯುತ್ತಲೇ ಇರುವವಳು. ಪಕ್ಕದ ಕುರ್ಚಿಯ ಆಮೆ ತದ್ವಿರುದ್ಧ. ಬೆಳಿಗ್ಗೆ ಬಂದು ಒಮ್ಮೆ ಎಳೆದುಕೊಂಡನೆಂದರೆ ಮತ್ತೆ ಮರುದಿನವೇ. "ಸಂಜೆಯಾದ್ರೂ ನೀನು ಬೆಳಿಗ್ಗೇಲೇ ಇರ್ತೀಯಲ್ಲೋ," ಎಂದು ದೊಡ್ಡಕ್ಕ ಅವನ ಕಾಲೆಳೆಯುತ್ತಿದ್ದಳು.

ಆಸ್ಪತ್ರೆಗೆ ಎಲ್ಲವನ್ನೂ ಒಪ್ಪಿಸುವ ದಿನ ಬಂತು. ದೊಡ್ಡಕ್ಕ ನಸುಕಿನಲ್ಲೇ ವಿಮಾನ ನಿಲ್ದಾಣದಲ್ಲಿ ಕೂತು ತನ್ನ ಕೊನೆಯ ಕೆಲಸವನ್ನು ತಳ್ಳಿ, ತಂಗಿಯ ಬಾಣಂತನಕ್ಕೆಂದು ದೂರದ ದೇಶಕ್ಕೆ ಹಾರಿದ್ದಳು. ಗಾಬರಿ ಅಂದು ಮಾತ್ರ ಏನನ್ನೂ ಎಳೆದುಕೊಂಡಿರಲಿಲ್ಲ. ಹೊರಡುವಾಗ ಮಗುವಿನ ಹಣೆ ಬೆಚ್ಚಗಿತ್ತು; ಮೈ ಆಫೀಸಿಗೆ ಬಂದಿತ್ತು, ಜೀವ ತೊಟ್ಟಿಲ ಬಳಿಯೇ ಉಳಿದಿತ್ತು. ಮೇಲಿಂದ ಮೇಲೆ ಅತ್ತೆಗೆ ಫೋನ್ ಮಾಡಿದಳು. ಏನಿಲ್ಲ ಏನಿಲ್ಲ ಎನ್ನುತ್ತಿದ್ದ ಅತ್ತೆ ಕೊನೆಗೆ ಬಾಯಿಬಿಟ್ಟರು. "ಸ್ವಲ್ಪ ಬಿಸಿ ಇದೆ ಕಣಮ್ಮ. ನೀನು ಬಂದು ಮುಟ್ಟಿದ್ರೆ ಇಳಿದುಬಿಡುತ್ತಾ? ಕೆಲಸ ಮುಗಿಸ್ಕೊಂಡೇ ಬಾ."

ಗಾಬರಿಯ ಕಿವಿಗೆ ಬಿದ್ದದ್ದು ಮೊದಲ ಮಾತಷ್ಟೇ. ಅವಸರದಲ್ಲಿ ತನ್ನ ಕೆಲಸ ತಳ್ಳಿದಳು. ಸರ್ವರ್ ಒಪ್ಪಲಿಲ್ಲ. ಅದನ್ನು ಒಪ್ಪಿಸಲು ಒಂದು ಆಜ್ಞೆಯಿದೆ, ಫೋರ್ಸ್ ಎಂದು. ಅಲ್ಲಿರುವುದನ್ನು ಬದಿಗೊತ್ತಿ ನಿನ್ನದನ್ನೇ ಕೂರಿಸುತ್ತದೆ. ಅದನ್ನು ಒತ್ತಿ, ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿದುಬಿಟ್ಟಳು.

ಮನೆಯಲ್ಲಿ ಮಗು ಜೊಲ್ಲು ಸುರಿಸುತ್ತ ಚಮಚ ಕಡಿಯುತ್ತಿತ್ತು. ಹಲ್ಲು ಬರುತ್ತಿರಬೇಕು ಎಂದರು ಅತ್ತೆ. ಆದರೂ ಗಾಬರಿ ಜ್ವರದ ಔಷಧದ ಬಾಟಲಿ ತೆರೆದು ಡ್ರಾಪರ್ ಅದ್ದಿದಳು.

"ಈಗಿನ ತೂಕ ನೋಡ್ಕೊಂಡು ಹಾಕಮ್ಮ," ಎಂದರು ಅತ್ತೆ. "ಡಾಕ್ಟ್ರು ಹೇಳಿದ್ದು ಆವಾಗಿನ ತೂಕಕ್ಕೆ."

ಅವಳ ಕೈ ಅಲ್ಲೇ ನಿಂತಿತು. ತೂಕ. ತೀರಾ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸುಗಳಿಗೆ ಲೆಕ್ಕವೇ ಬೇರೆ, ಅದೊಂದು ಉಳಿದಿದೆ, ನಾನೇ ಮಾಡ್ತೀನಿ ಎಂದು ದೊಡ್ಡಕ್ಕ ವಾರದಿಂದ ಹೇಳುತ್ತಿದ್ದಳು. ಸರ್ವರಿನಲ್ಲಿ ಇದ್ದದ್ದು ಅದೇ. ತಾನು ಬದಿಗೊತ್ತಿದ್ದೂ ಅದನ್ನೇ.

ದೊಡ್ಡಕ್ಕನ ಫೋನ್ ಆಫ್; ಇನ್ನೂ ವಿಮಾನದಲ್ಲೇ ಇರಬೇಕು. ಕಂಪನಿಯ ಯಜಮಾನರಿಗೆ ಮಾಡಿದರೆ, ಅವರು ಸರ್ವರಿನಲ್ಲಿದ್ದುದನ್ನೇ ಹೊಸದಾಗಿ ಇಳಿಸಿಕೊಂಡು ಆಸ್ಪತ್ರೆಗೆ ಹೊರಟು ನಿಂತಿದ್ದರು.

"ಹೊರಡಬೇಡಿ ಸರ್. ದೊಡ್ಡಕ್ಕನ ಕೆಲಸಾನ ನಾನು ಅಳಿಸಿಬಿಟ್ಟಿದ್ದೀನಿ."

ಈಗಲೇ ಬರ್ತೀನಿ ಎಂದು ಫೋನಿಟ್ಟಳು. ಅವಳು ಅಳೆದು, ಮತ್ತೊಮ್ಮೆ ಅಳೆದು ಔಷಧ ಕುಡಿಸಿ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿದಳು. ಬಂದದ್ದೇಕೆ, ಹೊರಟದ್ದೇಕೆ ಎಂದು ಅತ್ತೆ ಗೊಣಗುತ್ತಲೇ ಇದ್ದರು. ಬಸ್ಸು ತೆವಳಿತು. ಸೀಟು ಖಾಲಿಯಿದ್ದರೂ ಅವಳು ಬಾಗಿಲ ಬಳಿಯೇ ನಿಂತಿದ್ದಳು, ನಿಂತರೆ ಬಸ್ಸು ಬೇಗ ಹೋದೀತೆಂಬಂತೆ.

ಆಫೀಸಿನಲ್ಲಿ ಯಜಮಾನರು ಶತಪಥ ಹಾಕುತ್ತಿದ್ದರು. ದೊಡ್ಡಕ್ಕನ ಕೆಲಸ ಸರ್ವರಿನಲ್ಲಿ ಎಲ್ಲೂ ಸಿಗಲಿಲ್ಲ. ತಮ್ಮ ಹಳೆಯ ಪ್ರತಿಯನ್ನು ಅವರು ಅಳಿಸಿಯೇ ಹೊಸದನ್ನು ಇಳಿಸಿಕೊಂಡಿದ್ದರು. ಅಷ್ಟರಲ್ಲಿ ಆಮೆ ಕಿವಿಯಿಂದ ಹೆಡ್‌ಫೋನ್ ತೆಗೆದು, ಏನಾಯ್ತು ಎಂದು ಕೇಳಿದ. ಹೇಳಿದರು.

"ನಾನು ಬೆಳಿಗ್ಗೆ ಎಳ್ಕೊಂಡಿದ್ದು," ಎಂದ. "ಆಮೇಲೆ ಮುಟ್ಟಿಲ್ಲ."

ಗಾಬರಿ ಅವನ ಕುರ್ಚಿಯನ್ನು ಅವನ ಸಮೇತ ಪಕ್ಕಕ್ಕೆ ಸರಿಸಿದಳು. ಇತ್ತು. ದೊಡ್ಡಕ್ಕನ ಹೆಸರು, ಕೆಳಗೆ ಅವಳದೇ ಒಕ್ಕಣೆ: ಕಮ್ಮಿ ತೂಕದ ಕೂಸುಗಳಿಗೆ ಬೇರೆ ಲೆಕ್ಕ. ಗಾಬರಿ, ನೀನೊಮ್ಮೆ ನೋಡು.

ಕಣ್ಣು ಮಂಜಾಯಿತು. ಒರೆಸಿಕೊಂಡು ಕೂತಳು. ತಾನೂ ದೊಡ್ಡಕ್ಕನೂ ಕೈಯಿಟ್ಟಿದ್ದು ಒಂದೇ ಜಾಗಕ್ಕೆ, ಎರಡನ್ನೂ ಬೆಸೆಯಬೇಕು. ಹನಿಗಳ ಲೆಕ್ಕ ಸುಲಭವಾಗಲೆಂದು ಉತ್ತರವನ್ನು ಹತ್ತಿರದ ದುಂಡು ಸಂಖ್ಯೆಗೆ ತರುವುದು ಗಾಬರಿಯ ಕೆಲಸವಾಗಿತ್ತು. ದೊಡ್ಡ ಮಕ್ಕಳಿಗೆ ಸರಿ; ಅಂಗೈಯಗಲದ ಕೂಸಿಗೆ ಆ ದುಂಡು ಮಾಡುವಷ್ಟರಲ್ಲೇ ಔಷಧ ವಿಪರೀತವಾಗುತ್ತದೆ. ಅಂಥವರಿಗೆ ತನ್ನ ಸಾಲುಗಳನ್ನು ಕೈಬಿಟ್ಟಳು. ಆಮೇಲೆ ಒಂದೊಂದೇ ತೂಕ ಹಾಕಿ ನೋಡತೊಡಗಿದಳು. ತನ್ನ ಮಗುವಿನದು, ಅದಕ್ಕಿಂತ ಕಡಿಮೆ, ಇನ್ನೂ ಕಡಿಮೆ.

ಆಸ್ಪತ್ರೆಯಿಂದ ಕರೆ ಬಂತು. ಆಯ್ತಾ ಎಂದು ಯಜಮಾನರು ಕೇಳಿದರು. ಇಲ್ಲ ಎಂದಳು. ಮತ್ತೆ ಕೇಳಿದರು.

"ಬೀಗ ಜಗ್ತಿದ್ದಾಳೆ, ಬಿಡಿ ಸರ್," ಎಂದ ಆಮೆ.

ಕೊನೆಗೆ ತಳ್ಳಿದಳು, ಈ ಸಲ ಬಲವಂತವಿಲ್ಲದೆ. ಸರ್ವರ್ ತೆಪ್ಪಗೆ ಒಪ್ಪಿಕೊಂಡಿತು. ಯಜಮಾನರು ಹೊಸದನ್ನು ಇಳಿಸಿಕೊಂಡು ಹೊರಟರು. ಅವಳು ಆಮೆಯ ಕಡೆ ತಿರುಗಿದಳು.

"ಎಳ್ಕೋ."

"ನಾಳೆ ಬೆಳಿಗ್ಗೆ..."

"ಈಗ. ನನ್ನ ಕಣ್ಣೆದುರಿಗೆ. ಇನ್ನೊಬ್ಬರ ಹತ್ರ ಇರಲಿ."

ಅವನು ಎಳೆದುಕೊಂಡ. ಅವಳು ಮೆಟ್ಟಿಲಿಳಿಯುವಾಗ ಫೋನ್ ಕುಣಿಯಿತು, ಅತ್ತೆಯದು. ಎತ್ತಿಕೊಂಡಳು. ಮೈ ತಣ್ಣಗಾಗಿದೆ, ಮಲಗಿದೆ, ಬಂದು ಎಬ್ಬಿಸಬೇಡ ಎಂದರು. ಆಯ್ತು ಅತ್ತೆ ಎಂದಳು. ಟೈರ್ ಅಂಗಡಿಯವರೆಗೆ ಇಳಿದಿದ್ದಳು. ತುಸು ನಿಂತು, ಆಮೆಯ ಲ್ಯಾಪ್‌ಟಾಪಿನ ತೆರೆಯನ್ನು ಇನ್ನೊಮ್ಮೆ ನೋಡಿ ಬರಲು ಮತ್ತೆ ಮೇಲೆ ಹತ್ತಿದಳು.