ಕಾಲು ಅಲುಗಿಸದ ರಾಜ

ನನ್ನ ಅಪ್ಪ ಕುಳಿತುಕೊಳ್ಳುವುದರಲ್ಲಿ ನಿಸ್ಸೀಮರು. ವಾರವಿಡೀ ಪುತ್ತೂರಿನ ನಮ್ಮ ಜವಳಿ ಅಂಗಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ, ಆದಿತ್ಯವಾರ ಮಧ್ಯಾಹ್ನ ಯಾರದಾದರೂ ಮನೆಯ ಚಾವಡಿಯಲ್ಲಿ ತಾಳಮದ್ದಳೆಗೆ ಕೂರುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿ ನಿಲ್ಲಿಸಿದಲ್ಲಿಂದ ಅರ್ಥಧಾರಿಗಳು ಚಾಪೆಯ ಮೇಲೆ ಕೂತು ವಾದ ಮಾಡಬೇಕು. ಅಪ್ಪನಿಗೆ ಯಾವಾಗಲೂ ರಾಜನ ಪಾತ್ರ. ವಾದದ ನಡುವೆ ಕಾಲು ಬದಲಿಸಿದವನು ಮಾತಿನಲ್ಲಿ ಸಿಕ್ಕಿಬಿದ್ದ ಎಂದೇ ನಮ್ಮ ಕಡೆಯ ಕೇಳುಗರ ಲೆಕ್ಕ. ಅಪ್ಪ ಬದಲಿಸುತ್ತಿರಲಿಲ್ಲ. ಜೋಮು ಹಿಡಿದ ರಾಜನನ್ನು ಆಮೇಲೆ ಇಬ್ಬರು ಹಿಡಿದೆತ್ತಬೇಕಾಗುತ್ತಿತ್ತು, ಅದು ಬೇರೆ ಮಾತು.

ಅರವತ್ತರ ದಶಕದ ಆರಂಭದಲ್ಲಿ ಅವರ ಕಣಕಾಲಿನ ಮೇಲೆ ಕಂದು ಬಣ್ಣ ಕಾಣಿಸಿತು. ಬರಬರುತ್ತಾ ಕಪ್ಪಾಯಿತು. ಸಂಜೆಗೆ ಪಾದ ಊದುತ್ತಿತ್ತು. ಅಂಗಡಿಗೆ ಹೊಸದಾಗಿ ಬಂದ ಕರಿ ಕೊಡೆಬಟ್ಟೆಯ ಬಣ್ಣ ಹತ್ತಿದ್ದೆಂದು ಅಮ್ಮನ ತೀರ್ಮಾನ. ಬಚ್ಚಲಲ್ಲಿ ಕೂರಿಸಿ, ಸೀಗೆಪುಡಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿದಳು. ಬಣ್ಣ ಹೋಗಲಿಲ್ಲ, ಚರ್ಮ ಹೋಯಿತು.

ಹುಣ್ಣು ಮಾಯದೆ ಡಾಕ್ಟರಲ್ಲಿಗೆ ಹೋದೆವು. ಅವರು ಊದಿದ ಕಾಲನ್ನು ಒತ್ತಿ ನೋಡಿದರು. ಬೆರಳಿನ ಗುಳಿ ಹಾಗೆಯೇ ಉಳಿಯಿತು.

“ಕೂತು ಕೂತು ರಕ್ತ ಕಾಲಲ್ಲೇ ನಿಲ್ಲುದು ಮಾರಾಯ್ರೆ. ಆಗಾಗ ಎದ್ದು ನಡೆಯಬೇಕು. ಮಲಗುವಾಗ ಕಾಲು ದಿಂಬಿನ ಮೇಲೆ ಇಡಿ,” ಎಂದರು.

“ತಾಳಮದ್ದಳೆ ಉಂಟಲ್ಲ?”

“ನಿಮಗೆ ಕಾಲು ಬೇಕಾ, ತಾಳಮದ್ದಳೆ ಬೇಕಾ?”

 ಅಪ್ಪನಿಗೆ ಅಂಗಡಿಯಲ್ಲಿ ನಡೆದಾಡುವುದೇನೂ ಕಷ್ಟವಾಗಲಿಲ್ಲ. ಗಿರಾಕಿಗಳ ಹಿಂದೆ ಮುಂದೆ ಸುಳಿದು ಅವರಿಗೆ ಉಪದ್ರವಾಯಿತು, ಅಷ್ಟೆ. ಆದರೆ ಆದಿತ್ಯವಾರಗಳು ಖಾಲಿಯಾದವು. ಕುರ್ಚಿ ಹಾಕಿಕೊಳ್ಳಿ ಎಂದವರಿಗೆ, ಉಳಿದವರೆಲ್ಲ ಚಾಪೆಯಲ್ಲಿರುವಾಗ ತಾನೊಬ್ಬ ಮೇಲೆ ಕೂರುವುದು ಹೇಗೆಂದು ರೇಗಿದರು. ನಡುವೆ ಉರಿಯುವ ದೀಪದ ಕಡೆಗೆ ಕಾಲು ಚಾಚುವ ಮಾತಂತೂ ಇಲ್ಲವೇ ಇಲ್ಲ. ಊಟ ಕಡಿಮೆಯಾಯಿತು. ಅಮ್ಮನೊಡನೆ ಜಗಳ ಆಡುವುದನ್ನೂ ಬಿಟ್ಟರು. ನನಗೆ ಭಯವಾದದ್ದು ಆಗಲೇ.

ಕೊನೆಗೆ ಬೆಟ್ಟಂಪಾಡಿಯ ನೆಂಟರ ಮನೆಯ ತಾಳಮದ್ದಳೆಗೆ ಅಮ್ಮ ನನ್ನನ್ನು ಜತೆ ಮಾಡಿ ಅವರನ್ನು ಹೊರಡಿಸಿದಳು. ವಾದದ ನಡುವೆ ಕಾಲು ಬಿಡಿಸಬೇಕಾಗಿ ಬಂದರೆ ಮತ್ತೆಂದೂ ಅರ್ಥಕ್ಕೆ ಕೂರುವುದಿಲ್ಲ ಎಂದು ದಾರಿಯಲ್ಲಿ ಹೇಳಿದರು. ಹೇಳಿದ್ದನ್ನು ಮಾಡುವ ಮನುಷ್ಯ.

ಎದುರು ರಾಯಭಾರಿಯಾಗಿ ರಾಮಕುಂಜದ ಕಡೆಯ ಮಾಸ್ತರರು. ಅಪ್ಪನ ಹಳೆಯ ಎದುರಾಳಿ. ಮಾತಿನಲ್ಲಿ ಯಾರಿಗೂ ಕೂದಲೆಳೆಯಷ್ಟೂ ಬಿಟ್ಟುಕೊಡದವರು. ಸ್ವಲ್ಪ ಹೊತ್ತಿಗೇ ಅಪ್ಪನ ಹಣೆಯಲ್ಲಿ ಬೆವರು ಬಂತು. ಒಂದು ಕೈ ಪಂಚೆಯ ಅಡಿಯಲ್ಲಿ ಕಣಕಾಲು ಒತ್ತುತ್ತಿತ್ತು. ಮಾಸ್ತರರು ಅದನ್ನು ನೋಡಿದರು. ಮುಗಿಯಿತು, ಇವರು ಬಿಡುವ ಆಸಾಮಿಯಲ್ಲ ಎಂದುಕೊಂಡೆ.

ಮಾಸ್ತರರು ಎದ್ದು ನಿಂತರು.

“ಮಹಾರಾಜ, ನಾನು ತಂದಿರುವುದು ತುಂಬಿದ ಸಭೆಯಲ್ಲಿ ಹೇಳುವ ಮಾತಲ್ಲ. ಉದ್ಯಾನಕ್ಕೆ ದಯಮಾಡಿಸಬೇಕು. ನಡೆಯುತ್ತಾ ಅರಿಕೆ ಮಾಡಿಕೊಳ್ಳುತ್ತೇನೆ,” ಎಂದು ಕೈ ನೀಡಿದರು.

ತಾಳಮದ್ದಳೆಯಲ್ಲಿ ಎದ್ದು ನಡೆದವರನ್ನು ಅದುವರೆಗೆ ಅಲ್ಲಿ ಯಾರೂ ಕಂಡಿರಲಿಲ್ಲ. ಭಾಗವತರು ಬಾಯಿ ಬಿಟ್ಟುಕೊಂಡು ನೋಡಿದರು. ಅಪ್ಪ ಆ ಕೈ ಹಿಡಿದು ಎದ್ದರು. ಇಬ್ಬರೂ ಅಂಗಳಕ್ಕಿಳಿದು ತುಳಸಿಕಟ್ಟೆಗೆ ಸುತ್ತು ಹಾಕುತ್ತಾ ರಾಜ್ಯದ ಪಾಲಿನ ಬಗ್ಗೆ ವಾದ ಮಾಡಿದರು. ಕೇಳುಗರು ಚಾಪೆ ಎಳೆದುಕೊಂಡು ಜಗಲಿಯ ಅಂಚಿಗೆ ಬಂದರು. ಮನೆಯ ನಾಯಿ ಅಪ್ಪನ ಹಿಂದೆಯೇ ಗಂಭೀರವಾಗಿ ನಡೆಯಿತು.

ಮನೆ ಮುಟ್ಟಿದಾಗ ಯಾರು ಗೆದ್ದದ್ದೆಂದು ಅಮ್ಮ ಕೇಳಿದಳು.

“ಮಾಸ್ತ್ರು,” ಎಂದರು ಅಪ್ಪ. “ನಾನು ಎಂತ ವಾದ ಮಾಡುದು? ಅಳು ತಡೆಯುದರಲ್ಲೇ ನನಗೆ ಸಾಕಾಗಿ ಹೋಯ್ತು.”